ದೇವಿಮನೆ ಘಟ್ಟದಲ್ಲಿ ಆಟೋಮ್ಯಾಟಿಕ್ ಕಾರು ಓಡಿಸುವ ಕ್ರಮ

ಶಿರಸಿಯಿಂದ ಕುಮಟೆಯತ್ತ ದೇವಿಮನೆ ಘಟ್ಟ ಇಳಿಯುವಾಗ ಮ್ಯಾನುವಲ್ ಕಾರಿನವರು ಎರಡನೆಯ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ವೇಗವನ್ನು ತಡೆಯುತ್ತಾರೆ. ಆಟೋಮ್ಯಾಟಿಕ್ ಕಾರನ್ನು ‘ಡಿ’ಯಲ್ಲೇ (ಡ್ರೈವ್, ಎಂದಿನ ಓಟದ ಸ್ಥಾನ) ಬಿಟ್ಟರೆ ಅದು ಇಳಿಜಾರಿನಲ್ಲಿಯೂ ಮೇಲಿನ ಗೇರಿಗೆ ಹೋಗಿಬಿಡಬಹುದಾದ್ದರಿಂದ, ತಿರುವುಗಳು ಆರಂಭವಾಗುವ ಮೊದಲೇ ‘ಎಲ್’ಗೆ (ಲೋ, ಕೆಳಗಿನ ಗೇರಿನ ಸ್ಥಾನ) ಅಥವಾ ಮ್ಯಾನುವಲ್ ಮೋಡಿಗೆ ಬದಲಿಸಿ ಕೆಳಗಿನ ಗೇರನ್ನು ನೀವೇ ಆರಿಸಿಕೊಳ್ಳಬೇಕು. ಬ್ರೇಕನ್ನೇ ಸತತವಾಗಿ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಯಾವ ಕಾರಿನಲ್ಲಿಯೂ ಸಲ್ಲದು.

ಘಟ್ಟ ಹತ್ತುವಾಗ ಎಎಂಟಿ (ಆಟೋಮೇಟೆಡ್ ಮ್ಯಾನುವಲ್ ಟ್ರಾನ್ಸ್‌ಮಿಷನ್) ಬಗೆಯ ಆಟೋಮ್ಯಾಟಿಕ್ ಕಾರು ಗೇರು ಬದಲಿಸುವ ಕ್ಷಣದಲ್ಲಿ ತುಸು ತಡವರಿಸುತ್ತದೆ, ಏಕೆಂದರೆ ಅದರೊಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಆದುದರಿಂದ ಲಾರಿಯ ಹಿಂದೆ ಏರಿನಲ್ಲಿ ನಿಲ್ಲಬೇಕಾದಾಗ ಕಾರನ್ನು ಆಕ್ಸಿಲರೇಟರಿನಿಂದ ತಡೆದು ಹಿಡಿಯದೆ ಬ್ರೇಕ್ ಒತ್ತಿಯೇ ನಿಲ್ಲಿಸಬೇಕು. ಇಲ್ಲವಾದರೆ ಕ್ಲಚ್ ಬೇಗನೆ ಸವೆಯುತ್ತದೆ.