ಸೈಟ್ ಯಾದಗಿರಿಯಲ್ಲಿ, ಡ್ರಾಯಿಂಗ್ ಬೆಂಗಳೂರಿನಲ್ಲಿ: ಮಾತು ಎಡವಟ್ಟಾಗದಂತೆ ಕೆಲಸ ಮಾಡಿಸುವುದು ಹೇಗೆ?

"ಸರಿಯಾ ಕಲ್." ಯಾದಗಿರಿ ಸೈಟಿನ ಬಾರ್ ಬೆಂಡರ್ (ಕಂಬಿ ಬಗ್ಗಿಸಿ ಕಟ್ಟುವವನು) ಒಮ್ಮೆ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಇಷ್ಟೇ. ಹಿಂದಿಯಲ್ಲಿ ಸರಿಯಾ ಅಂದರೆ ಕಂಬಿ. ಕಲ್ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು! ಕಂಬಿ ನಿನ್ನೆಯೇ ಬಂದಿದೆ ಅಂದುಕೊಂಡು ಕಲಬುರಗಿ ಆಫೀಸಿನಲ್ಲಿ ನಾವೆಲ್ಲ ಸುಮ್ನೆ ಕೂತೆವು. ಅವನು ಹೇಳಿದ್ದು ನಾಳೆಗೆ ಬೇಕು ಅಂತ. ಎರಡು ದಿನ ಕೆಲಸ ನಿಂತಿತು.

ಅವತ್ತಿನಿಂದ ಗ್ರೂಪಿನಲ್ಲಿ ನಾಳೆ, ನಾಡಿದ್ದು, ಕಲ್ ಎಲ್ಲ ಬಂದ್. ತಾರೀಖು ಹಾಕಿ, ವಾರವನ್ನೂ ಹಾಕಿ.

ಅಳತೆಯದು ಇನ್ನೊಂದು ಗೋಳು. ಡಿಸೈನರ್ ಮಾತಾಡುವುದು ಎಂಎಂನಲ್ಲಿ, ಗೌಂಡಿ ಫೂಟು-ಇಂಚಿನಲ್ಲಿ, ಬಿಹಾರದ ಹುಡುಗರು ಸೂತ್ ಲೆಕ್ಕದಲ್ಲಿ. ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ. 3 ಸೂತ್ ಅಂದರೆ 10 ಎಂಎಂ ಕಂಬಿ, 4 ಅಂದರೆ 12, 5 ಅಂದರೆ 16. ಇದನ್ನು ಸಿಮೆಂಟ್ ಗೋಡೌನಿನ ಬಾಗಿಲಿಗೆ ದೊಡ್ಡದಾಗಿ ಬರೆಸಿ. ಮಹಡಿ ಹೆಸರನ್ನೂ ಮೊದಲೇ ಒಪ್ಪಿಕೊಂಡುಬಿಡಿ. ಮೇಸ್ತ್ರಿಗೆ ಎರಡನೇ ಸ್ಲ್ಯಾಬ್ ಅಂದರೆ ಆರ್ಕಿಟೆಕ್ಟ್ ಲೆಕ್ಕದಲ್ಲಿ ಅದು ಫಸ್ಟ್ ಫ್ಲೋರಿನ ಮಾಳಿಗೆ.

ಜಾಸ್ತಿ ದುಡ್ಡು ಹೋಗುವುದು ಮಾತ್ರ ಹಳೇ ಡ್ರಾಯಿಂಗಿನಿಂದ. ನಮ್ಮಲ್ಲೇ ಆಗಿದ್ದು ಕೇಳಿ. ಕಾಲಂನ ಬುಡದಲ್ಲಿ, ತಲೆಯಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳನ್ನು 100 ಎಂಎಂಗೆ ಒಂದರಂತೆ ಕಟ್ಟಬೇಕು ಅಂತ ಬೆಂಗಳೂರಿನಿಂದ ಆರ್2, ಅಂದರೆ ಡ್ರಾಯಿಂಗಿನ ಎರಡನೇ ತಿದ್ದುಪಡಿ, ಬಂತು, ಗ್ರೂಪಿನಲ್ಲಿ ನಾಲ್ಕು ಹೆಬ್ಬೆರಳು ಬಿದ್ದವು, ನಾನೂ ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಮೇಸ್ತ್ರಿ ಅಂಗಿ ಜೇಬಿನಿಂದ ತೆಗೆದ ಕಾಗದ, ನಾಲ್ಕು ಮಡಿಕೆ, ಮೇಲೆ ಚಹಾ ಕಲೆ, ಅದು ಆರ್1. ರಿಂಗೆಲ್ಲ 200ಕ್ಕೆ ಕಟ್ಟಿ ಮುಗಿದಿತ್ತು! ಪುಣ್ಯಕ್ಕೆ ಕಾಂಕ್ರೀಟ್ ಹಾಕಿರಲಿಲ್ಲ.

ಅದಕ್ಕೇ ಹೊಸ ಪ್ರಿಂಟ್ ಕೊಡುವಾಗ ಹಳೆಯದನ್ನು ಕೈಯಿಂದ ವಾಪಸ್ ತಗೊಂಡು ಹರಿದುಹಾಕಿ. ಏನು ಬದಲಾಗಿದೆ ಅಂತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆಮೇಲೆ ಮೇಸ್ತ್ರಿಯಿಂದಲೇ ಹೇಳಿಸಿ. "ಆಯ್ತು ಸರ" ಅನ್ನುವುದು ಉತ್ತರ ಅಲ್ಲ, ಅದು ಮರ್ಯಾದೆ. "ಅಣ್ಣ, ಬುಡದಾಗ ಎಷ್ಟಕ್ಕೊಂದು ರಿಂಗ್ ಕಟ್ಟಸ್ತೀರಿ?" ಅಂತ ಕೇಳಿ. ಅವರ ಬಾಯಿಂದ 100 ಅಂತ ಬಂದರೆ ಮಾತ್ರ ವಿಷಯ ತಲುಪಿದೆ ಅಂತ ಲೆಕ್ಕ. ನೀಲಿ ಟಿಕ್ ನಂಬಬೇಡಿ.

ಫೋನಿನಲ್ಲಿ ಮಾತಾಡಿದ್ದನ್ನು ಕೂಡಲೇ ಒಂದು ಸಾಲು ಟೈಪ್ ಮಾಡಿ ಹಾಕಿ, ಡ್ರಾಯಿಂಗ್ ನಂಬರ್ ಸಮೇತ. ಮಿಕ್ಸರ್ ಸದ್ದಿನ ಮಧ್ಯೆ ಮೂರು ನಿಮಿಷದ ವಾಯ್ಸ್ ನೋಟ್ ಕೇಳಿಸಿಕೊಳ್ಳುವವರು ಯಾರು? ಫೋಟೋ ಕಳಿಸುವಾಗ ಟೇಪ್ ಹಿಡಿದು, ಅಂಕಿ ಕಾಣುವಂತೆ ತೆಗೆಯಿರಿ.

ಬೇಸಿಗೆಯಲ್ಲಿ ಹೊತ್ತೂ ಹೊಂದುವುದಿಲ್ಲ. ಇಲ್ಲಿ 40 ಡಿಗ್ರಿ ದಾಟುತ್ತದೆ, ನಮ್ಮವರು ಬೆಳಿಗ್ಗೆ 6ಕ್ಕೇ ಶುರು ಮಾಡಿ ಮಧ್ಯಾಹ್ನಕ್ಕೆ ನೆರಳು ಸೇರುತ್ತಾರೆ, ಬೆಂಗಳೂರಿನ ಆಫೀಸ್ ತೆರೆಯುವುದೇ 10ಕ್ಕೆ. ಹಾಗಾಗಿ ಮರುದಿನದ ಪ್ರಶ್ನೆಗಳನ್ನು ಹಿಂದಿನ ಸಂಜೆಯೇ ಕಳಿಸಿ, ಯಾರು ಉತ್ತರಿಸಬೇಕು ಅಂತ ಹೆಸರು ಹಾಕಿ. ಹತ್ತು ಜನರಿಗೆ ಕೇಳಿದರೆ ಒಬ್ಬರೂ ಹೇಳುವುದಿಲ್ಲ, ಅಲ್ವಾ?

ಸ್ಲ್ಯಾಬ್ ಹಾಕುವ ದಿನವಂತೂ ಡಿಸೈನರ್ ಒಪ್ಪಿಗೆ ಬರದೆ ರೆಡಿಮಿಕ್ಸ್ (ಕಲಸಿಯೇ ತರುವ ಕಾಂಕ್ರೀಟ್) ಗಾಡಿಗೆ ಫೋನ್ ಮಾಡಲೇಬೇಡಿ. ಲೋಡ್ ಆದ 2 ಗಂಟೆಯೊಳಗೆ ಆ ಮಾಲು ಖಾಲಿಯಾಗಬೇಕು. ಗಾಡಿ ಗೇಟಿನಲ್ಲಿ ತಿರುಗುತ್ತಾ ನಿಂತಿರುವಾಗ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ, "ಹಾಕ್ರಿ, ನೋಡೋಣ."