ಪಿರ್ರೆಯ ಮೇಲಿನ ಅಕ್ಕಿಕಾಳಿನಷ್ಟು ತೂತು

ಆಗ ನಾನು ಕಾಶ್ಮೀರದ ಸೇನಾ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿಸ್ಟ್. ಐಇಡಿ ಬಾಂಬ್ ಸ್ಫೋಟದಲ್ಲಿ ಗಾಯಗೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ತಂದರು. ಒಬ್ಬ ಬಾಗಲಕೋಟೆ ಕಡೆಯ ಹುಡುಗ. ಎಲ್ಲರ ಕಣ್ಣು ಅವನ ಎಡಗಾಲಿನ ಮೇಲೆ. ನನ್ನ ಕನ್ನಡ ಕೇಳಿದ್ದೇ ತಡ, "ಹೊಟ್ಟಿ ಏನೂ ನೋಯಾಕತ್ತಿಲ್ರೀ ಸರ್, ಮೊದ್ಲ ಕಾಲ ನೋಡ್ರಿ" ಅಂದ.

ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ರಕ್ತ ಸೇರಿದೆಯೇ ಅಂತ ಬೇಗ ನೋಡುವ ‘ಫಾಸ್ಟ್’ (FAST) ಅಲ್ಟ್ರಾಸೌಂಡ್ ಮಾಡಿದೆ. ಲಿವರ್ ಮತ್ತು ಕಿಡ್ನಿ ನಡುವೆ, ಸ್ಪ್ಲೀನ್ ಹತ್ತಿರ, ಕಿಬ್ಬೊಟ್ಟೆಯಲ್ಲಿ, ಹೃದಯದ ಸುತ್ತ, ಎಲ್ಲೂ ರಕ್ತ ಕಾಣಲಿಲ್ಲ. ಹಾಗಂತ ನಿರಾಳವಾಗುವಂತಿಲ್ಲ. ಸಾಕಷ್ಟು ರಕ್ತ ಸೇರಿದ್ದರೆ ಫಾಸ್ಟ್ ತೋರಿಸುತ್ತದೆ. ಕರುಳಿನ ಸಣ್ಣ ತೂತು ಅದರ ಕೈಗೆ ಸಿಗುವುದೇ ಇಲ್ಲ ಅನ್ನಬಹುದು.

ಮಗ್ಗುಲಿಗೆ ಹೊರಳಿಸಿದೆವು. ಬಲ ಪಿರ್ರೆಯ ಮೇಲೆ ಅಕ್ಕಿಕಾಳಿನಷ್ಟು ತೂತು. ಮಣ್ಣು ಮೆತ್ತಿಕೊಂಡಿತ್ತು, ರಕ್ತ ಒಸರುತ್ತಿರಲಿಲ್ಲ. ಪಕ್ಕದಲ್ಲಿ ಪೇಪರ್ ಕ್ಲಿಪ್ ಇಟ್ಟು ಟೇಪ್ ಅಂಟಿಸಿದೆ. ಸಿಟಿ ಸ್ಕ್ಯಾನ್‌ನಲ್ಲಿ ಆ ಜಾಗ ಗೊತ್ತಾಗಬೇಕಲ್ವಾ. ಒಳಹೊಕ್ಕ ಬಾಂಬಿನ ಚೂರು ಒಂದೋ ಇನ್ನೊಂದು ತೂತು ಮಾಡಿ ಹೊರಬಂದಿರುತ್ತದೆ, ಇಲ್ಲವೇ ಒಳಗೇ ಉಳಿದಿರುತ್ತದೆ. ಹಾಗಾಗಿ ತೂತುಗಳನ್ನೂ ಒಳಗುಳಿದ ಚೂರುಗಳನ್ನೂ ಕೂಡಿದರೆ ಸಮಸಂಖ್ಯೆ ಬರಬೇಕು. ಚೂರು ಒಳಗೇ ಒಡೆದರೆ ಲೆಕ್ಕ ತಪ್ಪುತ್ತದೆ, ಆದರೂ ನಾನು ಎಣಿಸದೆ ಬಿಡುವುದಿಲ್ಲ.

ಕಾಂಟ್ರಾಸ್ಟ್ (ಅಂಗಗಳು ಎದ್ದು ಕಾಣುವಂತೆ ಮಾಡುವ ದ್ರವ) ಕೊಟ್ಟು ಸುಮಾರು 70 ಸೆಕೆಂಡಿಗೆ ಸಿಟಿ ತೆಗೆದೆವು. ಲಿವರ್, ಸ್ಪ್ಲೀನ್ ಚೆನ್ನಾಗಿದ್ದವು. ಚೂರು ಕಿಬ್ಬೊಟ್ಟೆಯ ಎಡಗಡೆ ಕೂತಿತ್ತು. ಲೋಹದಿಂದಾಗಿ ಚಿತ್ರದಲ್ಲಿ ಮೂಡುವ ಗೆರೆಗಳು ಸುತ್ತಲಿನದನ್ನೆಲ್ಲ ಮುಚ್ಚಿದ್ದವು. ಕ್ಲಿಪ್‌ನಿಂದ ಚೂರಿನವರೆಗೆ ಒಂದೊಂದೇ ಸ್ಲೈಸ್ ಸರಿಸುತ್ತ ಹೋದೆ. ಮಧ್ಯೆ ದೊಡ್ಡ ಕರುಳಿನ ಕೊನೆಯ ಕಡೆಗಿರುವ ಸಿಗ್ಮಾಯ್ಡ್ ಭಾಗದ ಗೋಡೆ ದಪ್ಪಗಾಗಿತ್ತು, ಪಕ್ಕದಲ್ಲಿ ಸ್ವಲ್ಪ ನೀರು. ಲಂಗ್ ವಿಂಡೋಗೆ, ಅಂದರೆ ಶ್ವಾಸಕೋಶ ನೋಡುವಾಗ ಬಳಸುವ ಕಪ್ಪು-ಬಿಳುಪಿನ ಸೆಟ್ಟಿಂಗ್‌ಗೆ ಬದಲಾಯಿಸಿದೆ. ಮಾಮೂಲಿ ವಿಂಡೋದಲ್ಲಿ ಕೊಬ್ಬೂ ಕಪ್ಪಗೆ ಕಂಡು ಗಾಳಿಯನ್ನು ಮರೆಮಾಡುತ್ತದೆ. ಇಲ್ಲಿ ಕರುಳಿನ ಹೊರಗೆ ಗಾಳಿಯ ಮೂರು ಕಪ್ಪು ಚುಕ್ಕಿ ಎದ್ದು ಕಂಡವು. ಚೂರಿನ ಜೊತೆಗೂ ಗಾಳಿ ಒಳಗೆ ಹೋಗಬಹುದು. ಆದರೆ ಈ ಚುಕ್ಕಿಗಳು ಚೂರು ಸಾಗಿದ ದಾರಿಯಿಂದ ದೂರ ಇದ್ದವು. ತಕ್ಷಣ ಸರ್ಜನ್‌ಗೆ ಫೋನ್ ಮಾಡಿದೆ. ಹೊಟ್ಟೆ ತೆರೆದಾಗ ಕರುಳಿನಲ್ಲಿ ಎರಡು ತೂತು ಸಿಕ್ಕವು.

ಇನ್ನೊಬ್ಬನ ಮೈಮೇಲೆ ಚೂರಿನ ಗಾಯವೇ ಇರಲಿಲ್ಲ, ಸಿಟಿಯೂ ಕ್ಲೀನ್. ಆದರೂ ‘ನಾರ್ಮಲ್’ ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ. ಸ್ಫೋಟದ ಒತ್ತಡದ ಅಲೆ ಗಾಳಿ ತುಂಬಿದ ಕರುಳನ್ನು ಒಳಗೇ ಜಜ್ಜುತ್ತದೆ. ಜಜ್ಜಿದ ಗೋಡೆ ಕೆಲವು ದಿನ ಬಿಟ್ಟು ತೂತಾಗಬಹುದು. ‘ಈಗ ಏನೂ ಕಾಣುತ್ತಿಲ್ಲ. ನೋವು, ಜ್ವರ ಬಂದರೆ ಮತ್ತೆ ಸ್ಕ್ಯಾನ್ ಮಾಡಿ’ ಅಂತ ಬರೆದೆ. ವಾರ್ಡಿನ ಸಿಸ್ಟರ್‌ಗೂ ಬಾಯಿಬಿಟ್ಟು ಹೇಳಿದೆ. ಮೂರನೇ ದಿನ ಬೆಳಿಗ್ಗೆ ಅವರದ್ದೇ ಫೋನ್: "ಸರ್, ಅವನ ಹೊಟ್ಟೆ ಗಟ್ಟಿಯಾಗಿದೆ."