ಹಳೆಯ ಕಾರಿನಲ್ಲಿ ಕಚ್ಚಿಕೊಂಡ ಪೆಡಲ್ ಶಾಫ್ಟನ್ನು ಬಿಡಿಸುವ ಬಗೆ

ವರ್ಷಗಟ್ಟಲೆ ನಿಂತಿದ್ದ ಹಳೆಯ ಕಾರಿನ ಕ್ಲಚ್ ಪೆಡಲ್ ತುಳಿದ ಮೇಲೆ ಮೇಲಕ್ಕೆ ಏಳದಿದ್ದರೆ, ಅಥವಾ ಬ್ರೇಕ್ ತುಳಿದಾಗ ಪಕ್ಕದ ಕ್ಲಚ್ ಪೆಡಲೂ ಜೊತೆಯಲ್ಲೇ ಕೆಳಗಿಳಿದರೆ, ರಿಟರ್ನ್ ಸ್ಪ್ರಿಂಗನ್ನು ಬದಲಿಸುವ ಮೊದಲು ಪೆಡಲ್‌ಗಳನ್ನು ಹೊತ್ತ ಶಾಫ್ಟನ್ನು ಅನುಮಾನಿಸಬೇಕು. ಅಲ್ಲಿನ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ, ತೇವ ಒಳಸೇರಿ ಉಕ್ಕಿಗೆ ತುಕ್ಕು ಹಿಡಿದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ, ಶಾಫ್ಟಿಗೂ ಅದನ್ನು ಸುತ್ತುವರಿದ ಬಳೆಯಂಥ ಬುಷ್‌ಗೂ ನಡುವೆ ಇದ್ದ ಕೂದಲೆಳೆಯಷ್ಟು ಸಂದು ಮುಚ್ಚಿಹೋಗಿ ಎರಡೂ ಒಂದೇ ತುಂಡಿನಂತಾಗುತ್ತವೆ.

ಬಿಚ್ಚುವ ಮೊದಲು ಸ್ಪ್ರಿಂಗ್, ವಾಷರ್‌ಗಳು ಕೂತಿರುವ ಕ್ರಮದ ಫೋಟೊ ತೆಗೆದುಕೊಳ್ಳಿ. ಪೆಡಲಿನ ಒತ್ತಡವನ್ನು ಮುಂದಕ್ಕೆ ದಾಟಿಸುವ ಪುಶ್ ರಾಡ್‌ಗಳನ್ನು ಕಳಚಿದ ಮೇಲೆ, ಸಾಧ್ಯವಿರುವ ಕಾರಾದರೆ ಪೆಡಲ್‌ಗಳನ್ನು ಹಿಡಿದಿರುವ ಚೌಕಟ್ಟಾದ ಪೆಡಲ್ ಬಾಕ್ಸನ್ನು ಇಡಿಯಾಗಿ ಹೊರತೆಗೆದು ವೈಸ್‌ನಲ್ಲಿ ಹಿಡಿಸುವುದು ಒಳ್ಳೆಯದು. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಬೀಸುವ ಸುತ್ತಿಗೆಯ ಏಟು ಬೀಳಬೇಕಾದಲ್ಲಿ ಬೀಳುವುದಿಲ್ಲ. ತುಳಿತವನ್ನು ಆಯಿಲ್‌ನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರನ್ನೂ ಬಿಚ್ಚಬೇಕಾಗಿ ಬಂದರೆ ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆಂಬುದು ನೆನಪಿರಲಿ. ಚೆಲ್ಲಿದ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಈಗ ಶಾಫ್ಟನ್ನು ತಡೆದು ನಿಲ್ಲಿಸಿರುವುದು ತುಕ್ಕು ಮಾತ್ರವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಒಮ್ಮೆ ನಾನು ಅರ್ಧ ದಿನ ಬಡಿದು, ಶಾಫ್ಟಿನ ತುದಿಯನ್ನು ಅಣಬೆಯಂತೆ ಚಪ್ಪಟೆ ಮಾಡಿದ ಮೇಲೆ, ಪದರುಗಟ್ಟಿದ್ದ ಪೇಂಟಿನ ಕೆಳಗೆ ಅಡ್ಡಲಾಗಿ ಕೂತಿದ್ದ ಒಂದು ಪಿನ್ ಕಣ್ಣಿಗೆ ಬಿತ್ತು. ಆದ್ದರಿಂದ ತಂತಿ ಬ್ರಷ್‌ನಿಂದ ಪೆಡಲಿನ ಕುತ್ತಿಗೆಯನ್ನು ಲೋಹ ಹೊಳೆಯುವ ತನಕ ಉಜ್ಜಿ, ಪಿನ್, ಸರ್ಕ್ಲಿಪ್ ಎಂಬ ಬಾಯ್ತೆರೆದ ಸ್ಪ್ರಿಂಗ್ ಬಳೆ ಅಥವಾ ತಲೆಯಿಲ್ಲದ ಸ್ಕ್ರೂ ಇದೆಯೇ ಎಂದು ಹುಡುಕಿ. ಪಿನ್ ಸಿಕ್ಕರೆ ಅದರ ಎರಡೂ ತುದಿಗಳನ್ನು ವರ್ನಿಯರ್‌ನಿಂದ ಅಳೆಯಿರಿ. ಒಂದು ತುದಿ ಸಣ್ಣದಿದ್ದರೆ ಅದು ಟೇಪರ್ ಪಿನ್. ಸಣ್ಣ ತುದಿಯ ಕಡೆಯಿಂದ ಹೊಡೆದರೆ ಮಾತ್ರ ಹೊರಬರುತ್ತದೆ, ದಪ್ಪ ತುದಿಯ ಕಡೆಯಿಂದ ಹೊಡೆದಷ್ಟೂ ಇನ್ನಷ್ಟು ಬಿಗಿಯುತ್ತದೆ.

ಕಚ್ಚಿಕೊಂಡ ಶಾಫ್ಟನ್ನು ಮೊದಲು ತಿರುಗಿಸಬೇಕು, ತಳ್ಳುವುದು ಆಮೇಲೆ. ತುಕ್ಕಿಳಿಸುವ ಎಣ್ಣೆಯನ್ನು ಎರಡೂ ಬದಿಯ ಸಂದುಗಳಿಗೆ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಪೆಡಲ್ ತೋಳಿನ ಬುಡವನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ, ಆ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ತೋಳು ಎರಕದ ಕಬ್ಬಿಣದ್ದಾದರೆ ತಟ್ಟುವ ಕೈ ಇನ್ನೂ ಹಗುರವಿರಲಿ, ಏಕೆಂದರೆ ಅದು ಬಾಗದೆ ಒಡೆಯುತ್ತದೆ. ಆಮೇಲೆ ಶಾಫ್ಟಿನ ಹೊರಚಾಚಿದ ತುದಿಯನ್ನು ಪೈಪ್ ರೆಂಚ್‌ನಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡಿ. ಕೂದಲಷ್ಟು ಅಲುಗಿದರೂ ಸಾಕು, ಅಂಚಿನಿಂದ ಕೆಂಪು ಪುಡಿ ಬೆರೆತ ಎಣ್ಣೆ ಜಿನುಗುತ್ತದೆ. ಅದನ್ನು ಒರೆಸಿ, ಹೊಸ ಎಣ್ಣೆ ಹಾಕಿ, ಮತ್ತೆ ತಿರುಗಿಸಿ.

ಇದಕ್ಕೂ ಬಗ್ಗದಿದ್ದರೆ ಬಿಸಿ ಮಾಡಬೇಕಾಗುತ್ತದೆ. ಬುಷ್ ನೈಲಾನಿನದಾದರೆ ಅದು ಕರಗುತ್ತದೆ, ಆದರೆ ಹೇಗೂ ಬದಲಿಸುವ ಬುಷ್‌ಗಾಗಿ ಮರುಗಬೇಕಾಗಿಲ್ಲ. ಹೊಗೆ ಮಾತ್ರ ಉಸಿರಿಗೆ ತಾಗದಿರಲಿ. 20 ಮಿಲಿಮೀಟರ್ ರಂಧ್ರವಿರುವ ಉಕ್ಕಿನ ತೋಳು ಶಾಫ್ಟಿಗಿಂತ 150 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ರಂಧ್ರ ಸುಮಾರು 0.036 ಮಿಲಿಮೀಟರ್ ಹಿಗ್ಗುತ್ತದೆ. ಕಣ್ಣಿಗೆ ಕಾಣದ ಅಳತೆಯಾದರೂ ತುಕ್ಕಿನ ಹಿಡಿತ ಬಿಡಿಸಲು ಅದು ಸಾಕಾಗಬಹುದು. ಜ್ವಾಲೆಯನ್ನು ಹೊರಗಿನ ತೋಳಿಗಷ್ಟೇ ತೋರಿಸಿ. ಉಕ್ಕು ಕೆಂಪಗಾಗುವ ತನಕ ಕಾಯಿಸಬೇಡಿ. ಜ್ವಾಲೆ ಆರಿಸಿದ ಮೇಲೆ ಬಿಸಿ ಸಂದಿಗೆ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ. ಕಾಯಿಸುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಬೇಕು, ಮಾಸ್ಟರ್ ಸಿಲಿಂಡರ್ ಹತ್ತಿರ ಇರಲೇಬಾರದು; ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ್ದ ಭಾಗವನ್ನಂತೂ ಕಾಯಿಸಲೇಕೂಡದು, ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ತಿರುಗತೊಡಗಿದ ಶಾಫ್ಟನ್ನು ಹೊರತೆಗೆಯಲು ನಾನು ಸುತ್ತಿಗೆಗಿಂತ ಬೋಲ್ಟನ್ನೇ ನಂಬುತ್ತೇನೆ. ಶಾಫ್ಟ್ ಟೊಳ್ಳಾಗಿದ್ದರೆ ಅದರೊಳಗೆ ಉದ್ದದ ಬೋಲ್ಟ್ ತೂರಿಸಿ, ಒಂದು ಬದಿಯಲ್ಲಿ ಶಾಫ್ಟ್ ಜಾರಿ ಒಳಸೇರುವಷ್ಟು ಅಗಲದ ಪೈಪ್ ತುಂಡನ್ನೂ ಇನ್ನೊಂದು ಬದಿಯಲ್ಲಿ ಶಾಫ್ಟಿಗಿಂತ ತುಸು ಸಣ್ಣ ವಾಷರನ್ನೂ ಇಟ್ಟು ನಟ್ ಬಿಗಿಯುತ್ತ ಹೋದರೆ, ಶಾಫ್ಟ್ ನಿಧಾನವಾಗಿ ಪೈಪಿನೊಳಗೆ ಬರುತ್ತದೆ. ಗಟ್ಟಿ ಶಾಫ್ಟಾದರೆ ಹಿತ್ತಾಳೆಯ ಸರಳನ್ನು ನಡುವೆ ಇಟ್ಟು ಹೊಡೆಯಿರಿ. ಎದುರು ಬದಿಯ ತಗಡಿಗೆ ಆಸರೆ ಕೊಡದಿದ್ದರೆ ಪೆಡಲ್ ಬಾಕ್ಸೇ ಸೊಟ್ಟಗಾಗುತ್ತದೆ.

ಹೊರಬಂದ ಶಾಫ್ಟಿನ ಮೇಲೆ ಉಗುರು ಎಳೆದಾಗ ಗೀರು ತಡೆದರೆ ಎಮರಿ ಪೇಪರ್ ಹಿಡಿದು ಕೂರಬೇಡಿ, ಹೊಸದನ್ನೇ ಹಾಕಿ. ಎಣ್ಣೆ ಹೀರುವ ರಂಧ್ರಮಯ ಕಂಚಿನ ಬುಷ್‌ಗಳನ್ನು ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಕೂರಿಸಿ. ಎಲ್ಲವನ್ನೂ ಜೋಡಿಸಿದ ಮೇಲೆ ಬ್ರೇಕ್ ಪೆಡಲಿನ ಪುಶ್ ರಾಡ್‌ಗೆ ಆ ಕಾರಿನ ಕೈಪಿಡಿ ಹೇಳುವಷ್ಟು ಸಡಿಲ ಬಿಟ್ಟಿದೆಯೇ ಎಂದು ಕೈಯಿಂದಲೇ ಅಲುಗಿಸಿ ನೋಡಿ. ಅದು ಸಿಲಿಂಡರಿನ ಪಿಸ್ಟನನ್ನು ಸದಾ ಒತ್ತಿಕೊಂಡಿದ್ದರೆ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಸ್ವಲ್ಪ ದೂರ ಓಡುವಷ್ಟರಲ್ಲಿ ಬ್ರೇಕ್ ತಾನಾಗಿಯೇ ಹಿಡಿಯತೊಡಗುತ್ತದೆ.